ಪೆಟ್ರೋಲ್ ತುಂಬಿಸಿದ ಮೇಲೆ ಎಂಜಿನ್ ನಡುಗುವುದೇಕೆ?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ನಮಸ್ಕಾರ ಅಣ್ಣ. ನಾನು ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರು, ದಿನವೂ ಕಾರಿನಲ್ಲೇ ಓಡಾಟ. ಬಿಎಸ್-4 ಪೆಟ್ರೋಲ್ ಕಾರು. ಓಡುವಾಗ ಯಾವ ತೊಂದರೆಯೂ ಇಲ್ಲ. ಹನುಮಂತಪ್ಪ ವೃತ್ತದಲ್ಲಿ ಸಾಲಿನಲ್ಲಿ ನಿಂತರೆ ಸಾಕು, ಸ್ಟೀರಿಂಗ್ ಅದುರುತ್ತದೆ, ಐಡ್ಲಿಂಗ್ ಏರಿಳಿಯುತ್ತದೆ, ಕೆಲವೊಮ್ಮೆ ಎಂಜಿನ್ ಆಫ್ ಆಗಿಬಿಡುತ್ತದೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಥ್ರಾಟಲ್ ಬಾಡಿಯನ್ನೂ ತೊಳೆಸಿದ್ದಾಯಿತು. ಈಗ ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೋಗಿದೆ ಎನ್ನುತ್ತಿದ್ದಾರೆ. ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಅದು 101 ತೋರಿಸಬೇಕಂತೆ, ನಮ್ಮದು 89 ತೋರಿಸುತ್ತಿದೆ. ಹಾಕಿಸಲೇ?

ಉತ್ತರ:
ಹಾಕಿಸಬೇಡಿ ಮೇಷ್ಟ್ರೇ. ನಿಮ್ಮ ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ. 101 ಕಿಲೊಪ್ಯಾಸ್ಕಲ್ ಎನ್ನುವುದು ಸಮುದ್ರಮಟ್ಟದ ಗಾಳಿಯ ಒತ್ತಡ, ಮಂಗಳೂರಿನ ಲೆಕ್ಕ. ಚಿಕ್ಕಮಗಳೂರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಇಲ್ಲಿ ಎಂಜಿನ್ ನಿಂತಿದ್ದಾಗ 89ರ ಆಸುಪಾಸು ಬಂದರೆ ಅದೇ ಸರಿ. ಹಾಸನದಲ್ಲಿ 90 ಬರುತ್ತದೆ. ಪುಸ್ತಕದಲ್ಲಿರುವ ಅಂಕಿ ನೋಡಿಕೊಂಡು ಘಟ್ಟದ ಮೇಲಿನ ಎಷ್ಟೋ ಕಾರುಗಳ ಒಳ್ಳೆಯ ಸೆನ್ಸರ್‌ಗಳನ್ನು ಕಿತ್ತು ಹಾಕುತ್ತಾರೆ, ಅದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ನೋಡಬೇಕಾದದ್ದು ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆ ಅಂಕಿ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದನ್ನು. ಎಸಿ ಆಫ್ ಇದ್ದಾಗ ಸಾಮಾನ್ಯವಾಗಿ 30ರಿಂದ 40ರ ನಡುವೆ ಇರಬೇಕು.

ಇನ್ನೊಂದು ವಿಷಯ ಬೇಕು. ಇದು ಎಲ್ಲಿ ಆಗುತ್ತದೆ ಎಂದು ಹೇಳಿದಿರಿ, ಯಾವಾಗ ಹೆಚ್ಚಾಗುತ್ತದೆ ಎಂದು ಹೇಳಲಿಲ್ಲ. ಬೆಳಗಿನ ತಣ್ಣನೆಯ ಸ್ಟಾರ್ಟ್‌ಗೋ, ಎಂಜಿನ್ ಬಿಸಿಯಾದ ಮೇಲೋ, ಬಂಕಿಗೆ ಹೋಗಿ ಬಂದ ಮೇಲೋ?

ಮೇಷ್ಟ್ರ ಮರುಪ್ರಶ್ನೆ:
ನೀವು ಕೇಳಿದ ಮೇಲೆ ಹೊಳೆಯಿತು. ಪೆಟ್ರೋಲ್ ತುಂಬಿಸಿದ ದಿನವೇ ಕಾಟ ಹೆಚ್ಚು. ಬಂಕಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿಯದೆ ಸ್ಟಾರ್ಟ್ ಆಗುವುದೇ ಇಲ್ಲ, ಆದ ಮೇಲೆ ಪೆಟ್ರೋಲ್ ವಾಸನೆ ಬರುತ್ತದೆ. ಆಲ್ದೂರು ದಾಟುವಷ್ಟರಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಸ್ನೇಹಿತರ ಸ್ಕ್ಯಾನರ್ ಹಾಕಿ ನೋಡಿದೆ. ಐಡ್ಲಿಂಗ್‌ನಲ್ಲಿ ಮ್ಯಾಪ್ 47. ಪೆಟ್ರೋಲ್ ತುಂಬಿಸಿದ ಕೂಡಲೇ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಮೈನಸ್ 20ರವರೆಗೆ ಹೋಗುತ್ತದೆ, ಆಮೇಲೆ ಸೊನ್ನೆಯ ಹತ್ತಿರ ಬರುತ್ತದೆ. ದೋಷದ ಕೋಡ್ ಏನೂ ಇಲ್ಲ.

ಉತ್ತರ:
ಹಾಗಾದರೆ ನನ್ನ ಅನುಮಾನವೆಲ್ಲ ಪರ್ಜ್ ವಾಲ್ವ್ ಮೇಲೆ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಸೇರದಿರಲೆಂದು ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿ ಇರುತ್ತದೆ. ಆವಿ ಅಲ್ಲಿ ನಿಲ್ಲುತ್ತದೆ. ಕಾರು ಓಡುವಾಗ ಕಂಪ್ಯೂಟರ್ ಸಮಯ ನೋಡಿ ಪರ್ಜ್ ವಾಲ್ವ್ ತೆರೆದು, ಆ ಆವಿಯನ್ನು ಎಂಜಿನ್ನಿಗೆ ಕೊಟ್ಟು ಸುಡಿಸುತ್ತದೆ. ಕರೆಂಟ್ ಇಲ್ಲದಿದ್ದಾಗ ಈ ವಾಲ್ವ್ ಮುಚ್ಚಿಯೇ ಇರಬೇಕು. ನಿಮ್ಮದು ತೆರೆದೇ ಸಿಕ್ಕಿಕೊಂಡಿರುವ ಹಾಗಿದೆ.

ಪೆಟ್ರೋಲ್ ಒಳಗೆ ಬಿದ್ದಷ್ಟೂ ಟ್ಯಾಂಕಿನ ಆವಿ ಕ್ಯಾನಿಸ್ಟರ್ ಕಡೆ ನುಗ್ಗುತ್ತದೆ. ವಾಲ್ವ್ ತೆರೆದಿದ್ದರೆ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಅದಷ್ಟನ್ನೂ ಎಂಜಿನ್ ಎಳೆದುಕೊಂಡು ಉಸಿರುಕಟ್ಟುತ್ತದೆ. ಪೆಟ್ರೋಲ್ ಹೆಚ್ಚಾಯಿತೆಂದು ಕಂಪ್ಯೂಟರ್ ತಾನು ಕೊಡುವುದನ್ನು ಕಡಿಮೆ ಮಾಡುತ್ತದೆ, ಅದೇ ನಿಮ್ಮ ಮೈನಸ್ 20. ಆವಿ ಖಾಲಿಯಾದ ಮೇಲೆ ಅದೇ ಕಿಂಡಿಯಿಂದ ಬರೀ ಗಾಳಿ ಬರುತ್ತದೆ. ನಿಮ್ಮದು ಮ್ಯಾಪ್ ಸೆನ್ಸರ್ ಕಾರು, ಆ ಗಾಳಿಯನ್ನೂ ಒತ್ತಡದಲ್ಲೇ ಗುರುತಿಸಿ ತಕ್ಕಷ್ಟು ಪೆಟ್ರೋಲ್ ಕೊಡುತ್ತದೆ. ಹಾಗಾಗಿ ಟ್ರಿಮ್ ಸೊನ್ನೆಗೆ ಬಂದರೂ ಮ್ಯಾಪ್ 47ರಲ್ಲೇ ನಿಂತಿದೆ, ಐಡ್ಲಿಂಗ್ ಏರಿಳಿಯುತ್ತಿದೆ. ಒಳಬರುವ ಗಾಳಿಯ ಪ್ರಮಾಣವನ್ನೇ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಾಗಿದ್ದರೆ ಈ ಹಂತದಲ್ಲಿ ಟ್ರಿಮ್ ಪ್ಲಸ್ ಕಡೆ ಏರಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಪಿ0171 ಕೋಡ್ ಬರಬಹುದಿತ್ತು.

ದುಡ್ಡು ಖರ್ಚಿಲ್ಲದ ಪರೀಕ್ಷೆ ಹೇಳುತ್ತೇನೆ. ಎಂಜಿನ್ ಬಿಸಿ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಬಾನೆಟ್ ಎತ್ತಿದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಹತ್ತಿರ ಎರಡು ವೈರಿನ ಸಣ್ಣ ವಾಲ್ವ್ ಕಾಣುತ್ತದೆ, ಅದರಿಂದ ಮ್ಯಾನಿಫೋಲ್ಡಿಗೆ ಬೆರಳು ಗಾತ್ರದ ರಬ್ಬರ್ ಪೈಪು ಹೋಗಿರುತ್ತದೆ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಆ ಪೈಪನ್ನು ಹಿಸುಕಿ ಹಿಡಿಯಿರಿ. ನಡುಕ ನಿಂತು ಮ್ಯಾಪ್ 35ರ ಹತ್ತಿರ ಇಳಿದರೆ ದಾರಿ ಸಿಕ್ಕಿತು. ಬಿಟ್ಟಮೇಲೆ ವಾಲ್ವಿನ ವೈರ್ ಕನೆಕ್ಟರ್ ಕಳಚಿ, ಕ್ಯಾನಿಸ್ಟರ್ ಕಡೆಯ ಪೈಪು ತೆಗೆದು ವಾಲ್ವಿನ ಆ ಬಾಯಿಗೆ ಬೆರಳಿಡಿ. ಆಗಲೂ ಬೆರಳನ್ನು ಎಳೆಯುತ್ತಿದ್ದರೆ ವಾಲ್ವೇ ಕೆಟ್ಟಿದೆ. ಕನೆಕ್ಟರ್ ಕಳಚಿದ ಕೂಡಲೇ ಎಳೆತ ನಿಂತರೆ ವಾಲ್ವನ್ನು ಬಿಟ್ಟು ವೈರಿಂಗ್ ನೋಡಿಸಿ. ಬಾಯಿಯಿಂದ ಎಳೆದು ನೋಡುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ, ಅದು ಪೆಟ್ರೋಲ್ ಆವಿ. ಹತ್ತಿರ ಬೆಂಕಿ, ಬೀಡಿ ಯಾವುದೂ ಇರಬಾರದು.

ಕೋಡ್ ಇಲ್ಲ ಎಂದು ವಾಲ್ವನ್ನು ಬಿಟ್ಟುಬಿಡಬೇಡಿ. ಒಳಗಿನ ಸುರುಳಿ ಸರಿಯಿದ್ದರೆ ಎಷ್ಟೋ ಕಾರುಗಳ ಕಂಪ್ಯೂಟರಿಗೆ ವಾಲ್ವ್ ಸಿಕ್ಕಿಕೊಂಡದ್ದು ತಿಳಿಯುವುದೇ ಇಲ್ಲ.

ಮೇಷ್ಟ್ರು:
ಪೈಪು ಹಿಸುಕಿದ ತಕ್ಷಣ ನಡುಕ ನಿಂತಿತು! ವೈರ್ ಕಳಚಿದರೂ ಬೆರಳಿನ ಎಳೆತ ನಿಲ್ಲಲಿಲ್ಲ. ವಾಲ್ವನ್ನು ಕ್ಲೀನರ್ ಹಾಕಿ ತೊಳೆದರೆ ಆಗದೇ?

ಉತ್ತರ:
ತೊಳೆಯುವ ಮೊದಲು ವಾಲ್ವನ್ನು ಬಿಚ್ಚಿ ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿ. ಕಪ್ಪು ಹರಳು ಉದುರಿದರೆ ಕ್ಯಾನಿಸ್ಟರಿನ ಇದ್ದಿಲು ಒಡೆದು ಹರಿದು ಬಂದಿದೆ ಎಂದು ತಿಳಿಯಿರಿ. ಆಗ ವಾಲ್ವ್ ಒಂದನ್ನೇ ಹಾಕಿದರೆ ಹೊಸದೂ ಅದೇ ಹರಳಿಗೆ ಸಿಕ್ಕಿಕೊಳ್ಳುತ್ತದೆ. ಕ್ಯಾನಿಸ್ಟರ್ ಬದಲಾಯಿಸಿ, ನಡುವಿನ ಪೈಪಿಗೆ ಗಾಳಿ ಹೊಡೆಸಿ, ಆಮೇಲೆ ವಾಲ್ವ್ ಹಾಕಿಸಿ. ಹರಳು ಇಲ್ಲದಿದ್ದರೆ ವಾಲ್ವ್ ಸಾಕು. ತೊಳೆದದ್ದು ಬಹಳ ದಿನ ಬಾಳುವುದಿಲ್ಲ.

ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆದ ಮೇಲೆ, ಚಿಲ್ಲರೆ ಸರಿಮಾಡಲು ಮತ್ತೆ ಮತ್ತೆ ಒತ್ತಿ ತುಂಬಿಸುತ್ತಾರಲ್ಲ, ಅದನ್ನು ಬಿಡಿಸಿ. ಆವಿಗೆಂದೇ ಇರುವ ಕ್ಯಾನಿಸ್ಟರಿಗೆ ಪೆಟ್ರೋಲೇ ನುಗ್ಗಿದರೆ ಇದ್ದಿಲು ಹಾಳಾಗುತ್ತದೆ.

ಪ್ರಶ್ನೆ, ಸಕಲೇಶಪುರದಿಂದ:
ಸರ್, ನಮ್ಮದು ಡೀಸೆಲ್ ಪಿಕಪ್, ಬಿಎಸ್-4. ತೋಟದಿಂದ ಕಾಫಿ ಮೂಟೆ ಸಾಗಿಸುತ್ತೇವೆ. ನಿಂತಲ್ಲಿ ಗಡಗಡ ಎನ್ನುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಕಪ್ಪು ಹೊಗೆ. ಇದೂ ಪರ್ಜ್ ವಾಲ್ವೇ? ಇಲ್ಲೊಬ್ಬರು ಇಜಿಆರ್‌ಗೆ ತಗಡು ಕೊಟ್ಟು ಮುಚ್ಚಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರು.

ಉತ್ತರ:
ಡೀಸೆಲ್ ಗಾಡಿಯಲ್ಲಿ ಪರ್ಜ್ ವಾಲ್ವ್ ಇರುವುದಿಲ್ಲ. ನೀವು ಹೇಳಿದ ಲಕ್ಷಣಕ್ಕೆ ಇಜಿಆರ್ ಮೇಲೆ ಅನುಮಾನ ಪಡುವುದು ಸರಿಯೇ. ಅದು ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಎಂಜಿನ್ನಿಗೆ ಕೊಟ್ಟು ಉರಿಯ ತಾಪ ತಗ್ಗಿಸುತ್ತದೆ. ತಾಪ ತಗ್ಗಿದರೆ ನೈಟ್ರೋಜನ್ ಆಕ್ಸೈಡ್ ಕಡಿಮೆ. ಪೂರ್ತಿ ಲೋಡಿನಲ್ಲಿ ಅದು ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ನಿಂತರೆ ಏರಿನಲ್ಲಿ ಗಾಳಿಯ ಜಾಗಕ್ಕೆ ಹೊಗೆ ತುಂಬುತ್ತದೆ, ಎಳೆತ ಹೋಗುತ್ತದೆ.

ಬಿಚ್ಚುವ ಮೊದಲು ಟರ್ಬೊ ಪೈಪು ಎಲ್ಲಾದರೂ ಸೀಳಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಕಪ್ಪು ಹೊಗೆಗೆ ಅವೂ ಕಾರಣ. ಆಮೇಲೆ ವಾಲ್ವ್ ತೆಗೆಸಿ. ಸ್ನಾನದ ಹಂಡೆಯ ತಳದಂತೆ ಮಸಿ ಹೆಪ್ಪುಗಟ್ಟಿರುತ್ತದೆ. ಮಸಿ ಕರಗಿಸುವ ಕ್ಲೀನರ್ ಹಾಕಿ ನೆನೆಸಿ, ಮೆತ್ತಗಾದ ಮೇಲೆ ಬ್ರಷ್‌ನಿಂದ ತೆಗೆಯಿರಿ. ಸ್ಕ್ರೂಡ್ರೈವರ್‌ನಿಂದ ಕೆರೆದರೆ ವಾಲ್ವ್ ಕೂರುವ ಅಂಚಿಗೆ ಗೀರು ಬಿದ್ದು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಮೋಟಾರ್ ಇರುವ ಭಾಗಕ್ಕೆ ಕ್ಲೀನರ್ ತಾಗಬಾರದು. ಗ್ಯಾಸ್ಕೆಟ್ ಹೊಸದೇ ಹಾಕಿ. ಕೆಲವು ಗಾಡಿಗಳಿಗೆ ಜೋಡಿಸಿದ ಮೇಲೆ ಸ್ಕ್ಯಾನರಿನಲ್ಲಿ ವಾಲ್ವಿನ ಸ್ಥಾನ ಕಲಿಸಬೇಕಾಗುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದು ಬಿಳಿ ಹೊಗೆಯೂ ಬರುತ್ತಿದ್ದರೆ ಇಜಿಆರ್ ಕೂಲರ್ ಸೋರುತ್ತಿರಬಹುದು, ತಡಮಾಡಬೇಡಿ.

ತಗಡಿನ ಮಾತು ಬೇಡ. ಎಲೆಕ್ಟ್ರಾನಿಕ್ ವಾಲ್ವ್ ಇರುವ ಗಾಡಿಯಲ್ಲಿ ಮುಚ್ಚಿದರೆ ಇಜಿಆರ್ ಹರಿವು ಸಾಲದು ಎನ್ನುವ ಪಿ0401 ಕೋಡ್ ಬಂದು ಎಂಜಿನ್ ದೀಪ ಉರಿಯುತ್ತದೆ, ಕೆಲವದರಲ್ಲಿ ಎಳೆತವನ್ನೇ ಕಡಿತ ಮಾಡುತ್ತದೆ. ಮುಚ್ಚಿಸಿದವರು ‘ಪಿಯುಸಿ ಪಾಸಾಯಿತು’ ಎನ್ನುತ್ತಾರೆ. ಪಾಸಾಗಿಯೇ ಆಗುತ್ತದೆ, ಏಕೆಂದರೆ ಡೀಸೆಲ್ ಗಾಡಿಯ ಪಿಯುಸಿಯಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನು, ನೈಟ್ರೋಜನ್ ಆಕ್ಸೈಡ್ ಅನ್ನು ಅಲ್ಲ. ಆ ಗಾಳಿಯನ್ನು ಉಸಿರಾಡುವವರು ಮೂಟೆ ಏರಿಸುವ ನಿಮ್ಮದೇ ಆಳುಗಳು. ನನ್ನ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಕೊಡುವುದಿಲ್ಲ, ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.

ಮೂಟೆ ಏರಿಸುವಾಗ ಎಂಜಿನ್ ಆಫ್ ಮಾಡಿಸಿ. ತೋಟದ ದಾರಿಯಲ್ಲಿ ನಿಧಾನವಾಗಿ ಓಡುವುದು, ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಲ್ಲುವುದು, ಈ ಎರಡರಿಂದಲೇ ಇಜಿಆರ್‌ನಲ್ಲಿ ಮಸಿ ಬೇಗ ಕಟ್ಟುತ್ತದೆ. ವಾಲ್ವ್ ತೆಗೆದಾಗ ಫೋಟೋ ಇಲ್ಲಿ ಹಾಕಿ, ಅಂಚು ಉಳಿದಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.