ಯಕ್ಷಗಾನ ಸಂಘದ ಸೌಂಡ್ ಸಿಸ್ಟಂಗೆ ಯಾವ ಕೇಬಲ್, ಯಾವ ಕನೆಕ್ಟರ್? ಅನುಭವಸ್ಥರು ಹೇಳಿ

ಹೊಸನಗರದಿಂದ ಪ್ರಶ್ನೆ

ನಮ್ಮ ಊರಿನ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಈ ವರ್ಷ ಸ್ವಂತ ಸೌಂಡ್ ಸಿಸ್ಟಂ ಮಾಡಿಕೊಂಡಿದ್ದೇವೆ. 16 ಚಾನಲ್ ಮಿಕ್ಸರ್, ಒಂದು ಆಂಪ್ಲಿಫೈಯರ್, ಎಂಟು ಓಮ್‌ನ ನಾಲ್ಕು ಸ್ಪೀಕರ್ ಬಂದಿವೆ. ಬದಿಗೆ ಎರಡರಂತೆ ಇಡುತ್ತೇವೆ. ಆಂಪ್ಲಿಫೈಯರ್ ಮಿಕ್ಸರ್ ಪಕ್ಕದಲ್ಲೇ ಇರುತ್ತದೆ. ಅಲ್ಲಿಂದ ವೇದಿಕೆಗೆ 30 ಮೀಟರ್. ಕೇಬಲ್, ಕನೆಕ್ಟರ್‌ಗಳಿಗೆಂದು ಅರವತ್ತು ಸಾವಿರ ರೂಪಾಯಿ ಉಳಿಸಿಕೊಂಡಿದ್ದೇವೆ. ಸಿದ್ಧ ಕೇಬಲ್ ಕೊಳ್ಳುವುದು ಒಳ್ಳೆಯದೇ, ನಾವೇ ಬೆಸುಗೆ ಹಾಕಿಕೊಳ್ಳುವುದು ಒಳ್ಳೆಯದೇ? ಸ್ಪೀಕರ್ ವೈರು ಎಷ್ಟು ದಪ್ಪ ಬೇಕು? ಭಾಗವತರ ಕಂಡೆನ್ಸರ್ ಮೈಕು (ಮಿಕ್ಸರಿನಿಂದ ವಿದ್ಯುತ್ ಪಡೆದು ನಡೆಯುವಂಥದ್ದು) ಈಗ ಎರವಲು ತಂದ ಕೇಬಲ್‌ನಲ್ಲಿ ಆಗಾಗ ಸತ್ತುಹೋಗುತ್ತದೆ, ಅದಕ್ಕೂ ಕಾರಣ ತಿಳಿಸಿದರೆ ಉಪಕಾರ.

ಸಾಗರದ ಮೈಕ್‌ಸೆಟ್ಟಿನವರು

ನನ್ನ ಕಥೆ ಕೇಳಿ, ಆಮೇಲೆ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ ಮೈಕ್ ಕೇಬಲ್ ಸುರುಳಿಗಳನ್ನು ತರಿಸಿದ್ದೆ. ಮೇಲೆ 'ಶುದ್ಧ ತಾಮ್ರ' ಎಂದು ಅಚ್ಚಾಗಿತ್ತು. ನೂರು ಮೀಟರಿಗೆ 3,800 ರೂಪಾಯಿ. ಬೇಸಿಗೆ ಪೂರ್ತಿ ಚೆನ್ನಾಗಿಯೇ ನಡೆಯಿತು. ಮಳೆಗಾಲ ಕಳೆದು ಗಣೇಶ ಚೌತಿಗೆ ತೆಗೆದರೆ ಒಂದೊಂದೇ ಕೇಬಲ್ ಕರಕರ ಎನ್ನತೊಡಗಿತು. ಕನೆಕ್ಟರ್ ಬಿಚ್ಚಿ ಹೊಸದಾಗಿ ಬೆಸೆಯಲು ಹೋದರೆ ಎಳೆಗಳು ಸೀಸ ಹಿಡಿಯುವುದೇ ಇಲ್ಲ. ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ, ಅಷ್ಟೇ. ಎರಡು ಸಲ ಬಗ್ಗಿಸಿದರೆ ಎಳೆಗಳು ಬೆರಳ ತುದಿಯಲ್ಲೇ ಮುರಿದು ಬಿದ್ದವು. ಅಂಗಡಿಯವನು ಹೇಳಿದ್ದು ಒಂದೇ ಮಾತು: "ಆ ಬೆಲೆಗೆ ಅದೇ ಬರುವುದು ಸಾರ್." ಹಾಗಾದರೆ ಅಚ್ಚು ಹಾಕಿದ್ದು ಏಕೆ?

ಕನೆಕ್ಟರ್ ಕಥೆ ಇನ್ನೂ ಕೆಟ್ಟದ್ದು. ನ್ಯೂಟ್ರಿಕ್ ಎಂದೇ ಕೆತ್ತಿದ ನಕಲಿ ಸರಕು, ಒಂದಕ್ಕೆ 70 ರೂಪಾಯಿ. ಬೆಸುಗೆ ಕಡ್ಡಿ ಮುಟ್ಟಿಸಿ ಮೂರು ಎಣಿಸುವುದರೊಳಗೆ ಒಳಗಿನ ಪ್ಲಾಸ್ಟಿಕ್ ಕರಗಿ ಪಿನ್ನು ಸೊಟ್ಟಗಾಗುತ್ತದೆ. ಆ ಸೊಟ್ಟ ಪಿನ್ನನ್ನು ಹುಡುಗರು ಮಿಕ್ಸರ್‌ಗೆ ಒತ್ತಿ ತುರುಕಿದರು. ಮಿಕ್ಸರಿನ ಒಂದು ಸಾಕೆಟ್ ಬದಲಿಸಲು 1,100 ರೂಪಾಯಿ, ಅದನ್ನು ಶಿವಮೊಗ್ಗಕ್ಕೆ ಒಯ್ದು ತಂದ ಬಾಡಿಗೆ ಬೇರೆ.

ಕೊನೆಗೆ ಎಲ್ಲವನ್ನೂ ಗುಜರಿಗೆ ಹಾಕಿ ಹೊಸದಾಗಿ ಕಟ್ಟಿದೆ. ಹೆಣೆದ ತಾಮ್ರದ ಕವಚವಿರುವ ಕೇಬಲ್ ಮೀಟರಿಗೆ 95ರಂತೆ 200 ಮೀಟರ್, 19,000. ಅಸಲಿ ಕನೆಕ್ಟರ್ ಜೋಡಿಗೆ 640ರಂತೆ ಇಪ್ಪತ್ತು ಜೋಡಿ, 12,800. ಸೀಸ, ಹೀಟ್‌ಶ್ರಿಂಕ್ ಕೊಳವೆ, ಬಣ್ಣದ ಉಂಗುರ ಸೇರಿ 1,450. ಒಟ್ಟು 33,250. ಪ್ರತಿಯೊಂದು ಬೆಸುಗೆಯೂ ನನ್ನ ಕೈಯದು. ಒಂದನೇ ಪಿನ್ನಿಗೆ ಕವಚ, ಎರಡಕ್ಕೆ ಪಾಸಿಟಿವ್, ಮೂರಕ್ಕೆ ನೆಗೆಟಿವ್. ಅಂದಿನಿಂದ ಇಂದಿನವರೆಗೆ ನನ್ನ ಮೈಕು ಸಭೆಯ ನಡುವೆ ಸತ್ತಿಲ್ಲ.

ತೀರ್ಥಹಳ್ಳಿಯಿಂದ

ಸಾಗರದವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಎಲ್ಲರೂ ಬೆಸುಗೆ ಕಡ್ಡಿ ಹಿಡಿದು ಕೂರಬೇಕು ಎನ್ನುವುದು ಸರಿಯಲ್ಲ. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ ಮಾಡಿಸುವವನು ನಾನು. ಸಿದ್ಧ ಕೇಬಲ್‌ಗಳನ್ನೇ ಕೊಳ್ಳುತ್ತೇನೆ. ಹತ್ತು ಮೀಟರಿನದು 750 ರೂಪಾಯಿಗೆ ಸಿಗುತ್ತದೆ. ಹೋದರೆ ಎಸೆಯುತ್ತೇನೆ. ಬೆಸುಗೆಗೆ ಕೂರುವ ಹೊತ್ತಿನಲ್ಲಿ ಒಂದು ಮದುವೆಯ ಬಾಡಿಗೆ ದುಡಿಯಬಹುದು.

ಇನ್ನು ಸ್ಪೀಕರ್ ವೈರು. 2.5 ಚದರ ಮಿ.ಮೀ. ಸಾಕು. ನಾಲ್ಕು, ಆರು ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ಸಾಗರದ ಮೈಕ್‌ಸೆಟ್ಟಿನವರು

ಎಸೆಯುತ್ತೀರಿ, ಸರಿ. ಸಭೆಯ ನಡುವೆ ಹೋದರೆ ಯಾವಾಗ ಎಸೆಯುತ್ತೀರಿ? ಅಚ್ಚಿನಲ್ಲಿ ಎರಕ ಹೊಯ್ದ ಕನೆಕ್ಟರನ್ನು ಬಿಚ್ಚಲು ಬರುವುದಿಲ್ಲ, ಒಳಗೆ ಏನಿದೆ ಎಂದು ನೋಡಲು ಬರುವುದಿಲ್ಲ. ಹೊಸನಗರದವರು ಕೇಳುತ್ತಿರುವುದು ಅರ್ಧ ಗಂಟೆಯ ಸ್ವಾಗತ ಭಾಷಣಕ್ಕಲ್ಲ, ಗಂಟೆಗಟ್ಟಲೆ ಹಾಡುವ ಭಾಗವತರಿಗೆ.

ಕೊಪ್ಪದಿಂದ

ನೀವಿಬ್ಬರೂ ಇನ್ನೂ ತಾಮ್ರದ ತೂಕ ಅಳೆಯುತ್ತಿದ್ದೀರಿ. ನಾನು ಡಿಜಿಟಲ್ ಮಿಕ್ಸರಿಗೆ ಬದಲಾದ ಮೇಲೆ ವೇದಿಕೆಯಿಂದ ಮಿಕ್ಸರಿಗೆ ಹೋಗುವುದು ಒಂದೇ ಒಂದು ನೆಟ್‌ವರ್ಕ್ ಕೇಬಲ್. ಒಂದೇ ಕೇಬಲ್ಲಿನಲ್ಲಿ ಹಲವು ಚಾನಲ್ ಕಳಿಸುವ ಎಇಎಸ್50 ಎಂಬ ಪದ್ಧತಿಯಲ್ಲಿ ಕವಚವಿರುವ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಮೈಕುಗಳೆಲ್ಲ ವೇದಿಕೆಯ ಬದಿಯಲ್ಲಿ ಅವನ್ನೆಲ್ಲ ಒಂದುಗೂಡಿಸುವ ಸ್ಟೇಜ್‌ಬಾಕ್ಸ್ ಎಂಬ ಪೆಟ್ಟಿಗೆಗೆ ಐದೈದು ಮೀಟರಿನಲ್ಲಿ ಮುಗಿಯುತ್ತವೆ. ಮೊದಲು 16 ಚಾನಲ್ಲಿನ ಮಲ್ಟಿಕೋರ್ (ಹಲವು ಮೈಕ್ ಕೇಬಲ್ ಒಂದೇ ಹೊದಿಕೆಯಲ್ಲಿ) ಸುರುಳಿಗೆ 48,000 ಕೊಟ್ಟಿದ್ದೆ, ಎತ್ತಲು ಇಬ್ಬರು ಬೇಕಿತ್ತು. ಈಗಿನದು ಗಟ್ಟಿ ಲೋಹದ ಈಥರ್‌ಕಾನ್ ಕನೆಕ್ಟರ್, ಸುತ್ತುವ ಚಕ್ರ ಎಲ್ಲ ಸೇರಿ 9,200. ಒಂದು ಕೈಯಲ್ಲಿ ಹಿಡಿದು ಕುದುರೆಮುಖದ ಕಡೆಯ ಏರಿನಲ್ಲೂ ನಡೆದಿದ್ದೇನೆ. ಹಳೆಯ ಕಾಲದಲ್ಲೇ ಇರುತ್ತೇವೆ ಎನ್ನುವವರು ಇರಲಿ.

ಸಾಗರದ ಮೈಕ್‌ಸೆಟ್ಟಿನವರು

ಸ್ಟೇಜ್‌ಬಾಕ್ಸಿನ ಬೆಲೆ, ಡಿಜಿಟಲ್ ಮಿಕ್ಸರಿನ ಬೆಲೆ ನುಂಗಿಕೊಂಡು ಬರೀ ಕೇಬಲ್ಲಿನ 9,200 ಹೇಳಿದರೆ ಹೇಗೆ ಮಾರಾಯರೇ? ಅವರ ಬಳಿ ಇರುವುದು ಅನಲಾಗ್ ಮಿಕ್ಸರ್. ಜಾತ್ರೆಯೊಂದರಲ್ಲಿ ಹಾಗೆಯೇ ಒಂದೇ ಕೇಬಲ್ ಎಳೆದ ತಂಡವನ್ನು ಕಣ್ಣಾರೆ ಕಂಡಿದ್ದೇನೆ. ಟ್ರ್ಯಾಕ್ಟರಿನ ಚಕ್ರ ಹತ್ತಿತು, ಹದಿನಾರು ಮೈಕೂ ಒಟ್ಟಿಗೆ ಮೂಕವಾದವು. ನನ್ನ ಒಂದು ಕೇಬಲ್ ಹೋದರೆ ಒಂದು ಮೈಕು ಹೋಗುತ್ತದೆ.

ಕೊಪ್ಪದಿಂದ

ಟ್ರ್ಯಾಕ್ಟರ್ ಓಡಾಡುವಲ್ಲಿ ಕೇಬಲ್ ಬಿಚ್ಚಿ ಹಾಕಿದವರ ತಪ್ಪು ಅದು. ನಾನು ಪ್ರತಿ ಸಲವೂ ಎರಡನೆಯ ಕೇಬಲ್ಲನ್ನು ಪಕ್ಕದಲ್ಲೇ ಎಳೆದಿಟ್ಟಿರುತ್ತೇನೆ. ಬೆಲೆಯನ್ನು ನುಂಗಿಕೊಂಡೆ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ರಂಗತಂಡದ ತಂತ್ರಜ್ಞರು, ಹೆಗ್ಗೋಡಿನ ಕಡೆಯವರು

ಇಬ್ಬರೂ ಸ್ವಲ್ಪ ನಿಲ್ಲಿಸಿ. ಹೊಸನಗರದವರು ಕೇಳಿದ ಸ್ಪೀಕರ್ ವೈರಿನ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಎಂಟು ಓಮ್‌ನ ಎರಡು ಸ್ಪೀಕರ್ ಸಮಾನಾಂತರವಾಗಿ ಸೇರಿದರೆ ನಾಲ್ಕು ಓಮ್. 30 ಮೀಟರ್ ಎಂದರೆ ಹೋಗಿ ಬರುವ ತಾಮ್ರ 60 ಮೀಟರ್. 1.5 ಚದರ ಮಿ.ಮೀ. ವೈರಿನಲ್ಲಿ ಅದರ ಪ್ರತಿರೋಧ ಸುಮಾರು 0.69 ಓಮ್, 2.5ರಲ್ಲಿ 0.41, ನಾಲ್ಕರಲ್ಲಿ 0.26. ವೈರಿಗೆ ಪ್ರತಿರೋಧವೇ ಇಲ್ಲದಿದ್ದರೆ ಸ್ಪೀಕರಿಗೆ ಸಿಗಬಹುದಾಗಿದ್ದ ಶಕ್ತಿಯಲ್ಲಿ 1.5ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. 2.5ರಲ್ಲಿ ಶೇಕಡ 18, ನಾಲ್ಕರಲ್ಲಿ ಶೇಕಡ 12. ಆ ಕಳ್ಳ ಅಲ್ಯೂಮಿನಿಯಂ ವೈರಾದರೆ 2.5 ಎಂದು ಬರೆದಿದ್ದರೂ ಫಲ 1.5ರದ್ದೇ.

ನಮ್ಮ ತಂಡದಲ್ಲಿ ಈ ತಲೆನೋವನ್ನೇ ತೆಗೆದುಹಾಕಿದೆವು. ಆಂಪ್ಲಿಫೈಯರನ್ನು ವೇದಿಕೆಯ ಹಿಂದೆ ಸ್ಪೀಕರ್ ಬಳಿ ಇಟ್ಟೆವು. ಮಿಕ್ಸರಿನಿಂದ ಅಲ್ಲಿಗೆ ಬ್ಯಾಲೆನ್ಸ್ಡ್ ಲೈನ್ (ಎರಡು ತಂತಿ, ಮೇಲೊಂದು ಕವಚ) ಹೋಗುತ್ತದೆ, ಅದಕ್ಕೆ ತೆಳು ಮೈಕ್ ಕೇಬಲ್ ಧಾರಾಳ. ಸ್ಪೀಕರ್ ವೈರು ಏಳೆಂಟು ಮೀಟರಿಗೆ ಮುಗಿಯಿತು. ತುದಿಗೆ ಸ್ಪೀಕರಿಗೆಂದೇ ಮಾಡಿದ ಸ್ಪೀಕಾನ್ ಕನೆಕ್ಟರ್ ಮಾತ್ರ. ಗಿಟಾರಿಗೆ ಹಾಕುವ ಕಾಲಿಂಚಿನ ಜ್ಯಾಕನ್ನು ಸ್ಪೀಕರಿಗೆ ಬಳಸಬೇಡಿ. ಅದನ್ನು ಚುಚ್ಚುವಾಗಲೂ ಕೀಳುವಾಗಲೂ ತುದಿ ಮತ್ತು ತೋಳು ಒಂದಕ್ಕೊಂದು ತಗುಲಿ ಆಂಪ್ಲಿಫೈಯರ್ ಶಾರ್ಟ್ ಆಗಬಹುದು. ಸ್ಪೀಕಾನ್ ತಿರುಗಿಸಿದರೆ ಬೀಗ ಬೀಳುತ್ತದೆ, ಯಾರೋ ಎಡವಿದರೂ ಕಿತ್ತು ಬರುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಅರ್ಥ್. ಗುಂಯ್ ಎನ್ನುವ ಸದ್ದು ಬಂದ ಕೂಡಲೇ ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸುವವರನ್ನು ನಾನು ಕ್ಷಮಿಸುವುದಿಲ್ಲ. ಜನರೇಟರ್ ಮೇಲೆ ನಡೆದ ಒಂದು ಪ್ರದರ್ಶನದಲ್ಲಿ ನಮ್ಮ ನಟಿಯ ತುಟಿ ಮೈಕಿಗೆ ತಗುಲಿ ಹೊಡೆತ ತಿಂದರು. ನೋಡಿದರೆ ಬಾಡಿಗೆಗೆ ತಂದ ಆಂಪ್ಲಿಫೈಯರಿಗೆ ಎರಡೇ ಪಿನ್ನು. ಸದ್ದು ಬಂದರೆ ಲೈನ್ ಕೇಬಲ್ಲಿನ ಕವಚವನ್ನು ಆಂಪ್ಲಿಫೈಯರಿನ ತುದಿಯಲ್ಲಿ ಮಾತ್ರ ಬಿಡಿಸಿ, ಇಲ್ಲವೇ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ವಿದ್ಯುತ್ತಿನ ಅರ್ಥ್ ಎಂದೂ ಮುಟ್ಟಬೇಡಿ. ಅರವತ್ತು ಸಾವಿರದಲ್ಲಿ ಮೊದಲು ವಿದ್ಯುತ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇರುವ ಒಂದು ಪೆಟ್ಟಿಗೆ ಮಾಡಿಸಿ, ಉಳಿದದ್ದರಲ್ಲಿ ಕೇಬಲ್ ಕೊಳ್ಳಿ.

ತೀರ್ಥಹಳ್ಳಿಯಿಂದ

ಲೆಕ್ಕ ಸರಿ ಇರಬಹುದು. ಆದರೆ ಶೇಕಡ 18 ಎಂದರೆ ಒಂದು ಡೆಸಿಬಲ್ ಕೂಡ ಆಗುವುದಿಲ್ಲ. ಅಂಗಳದಲ್ಲಿ ಕೂತವರು ಯಾರೂ ಅದನ್ನು ಗುರುತಿಸುವುದಿಲ್ಲ. ಜನರ ಮುಂದೆ ಶೇಕಡಾವಾರು ಇಟ್ಟು ದುಬಾರಿ ಸರಕು ಮಾರಿಸುವುದನ್ನು ನಾನು ಒಪ್ಪುವುದಿಲ್ಲ.

ರಂಗತಂಡದ ತಂತ್ರಜ್ಞರು

ನಾನು ಏನನ್ನೂ ಮಾರುವವನಲ್ಲ. ವೈರನ್ನು ಚಿಕ್ಕದು ಮಾಡಿ ಎಂದೆ. ಅದರಿಂದ ಖರ್ಚು ಇಳಿಯುತ್ತದೆ. ಪೂರ್ತಿ ಓದದೆ ಉತ್ತರಿಸಬೇಡಿ.

ಆಗುಂಬೆ ಘಾಟಿಯ ಮೇಲಿನಿಂದ

ನೀವೆಲ್ಲ ಲೆಕ್ಕ ಹೇಳುತ್ತೀರಿ, ಮಳೆಯನ್ನು ಯಾರೂ ಹೇಳಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಕೇಬಲ್ಲಿನ ಮೈಮೇಲೆ ಬೂಸ್ಟು ಬರುತ್ತದೆ, ಬೆಸುಗೆಯ ಪಕ್ಕದ ಎಳೆ ಹಸಿರುಗಟ್ಟುತ್ತದೆ. ನಾನು ಬೀಟೆ ಮರದ ಹಳೆಯ ಪೆಟ್ಟಿಗೆಯೊಂದಕ್ಕೆ 15 ವಾಟ್‌ನ ಬಲ್ಬು ಕೂರಿಸಿದ್ದೇನೆ. ಮಳೆಗಾಲ ಪೂರ್ತಿ ಉರಿಯುತ್ತದೆ. ಕನೆಕ್ಟರ್‌ಗಳೆಲ್ಲ ಅದರಲ್ಲಿ.

ಪ್ರದರ್ಶನದ ದಿನ ಮಳೆ ಬಂದರೆ ಕನೆಕ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟುವ ಪದ್ಧತಿ ಇದೆಯಲ್ಲ, ಅದು ಕೆಡುಕು. ನೀರು ಒಳಗೇ ಬೆವರಿ ನಿಲ್ಲುತ್ತದೆ. ಎರಡು ಕೇಬಲ್ ಸೇರುವ ಜಾಗವನ್ನು ನೆಲದಿಂದ ಎತ್ತಿ ಚಪ್ಪರದ ಕಂಬಕ್ಕೆ ಕಟ್ಟಿ, ಎರಡೂ ಬದಿಯ ಕೇಬಲ್ ಜೋಲು ಬೀಳುವಂತೆ ಬಿಡಿ. ಕೇಬಲ್ ಗುಂಟ ಇಳಿದ ನೀರು ಕೆಳಗಿನ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರ್‌ವರೆಗೆ ಹತ್ತುವುದಿಲ್ಲ.

ಇಲಿಯದು ಇನ್ನೊಂದು ಕಾಟ. ಅಡಿಕೆ ಇಟ್ಟ ಅಟ್ಟದಲ್ಲಿ ಕೇಬಲ್ ಇಟ್ಟಿದ್ದ ನನ್ನ ಭಾವನವರು ಒಂದೇ ಮಳೆಗಾಲದಲ್ಲಿ 14,000 ರೂಪಾಯಿಯ ಮಲ್ಟಿಕೋರ್ ಕಳೆದುಕೊಂಡರು. ಕಡಿದದ್ದು ಒಂದೇ ಕಡೆಯಾಗಿದ್ದರೆ ಜಾಯಿಂಟು ಮಾಡಬಹುದಿತ್ತು. ಗೇಣು ಗೇಣಿಗೆ ಹಲ್ಲಿನ ಗುರುತು.

ಶಿವಮೊಗ್ಗದಿಂದ

ಇಷ್ಟೆಲ್ಲ ಖರ್ಚು ಯಕ್ಷಗಾನಕ್ಕೆ ಏಕೆ ಎಂಬುದು ನನ್ನ ಪ್ರಶ್ನೆ. ಚಂಡೆಗೆ ಮೈಕು ಬೇಕೇ? ಎದುರು ಗುಡ್ಡಕ್ಕೆ ಕೇಳುವ ವಾದ್ಯ ಅದು. ಇವತ್ತು ಅದಕ್ಕೂ ಮೈಕು ಕೊಟ್ಟು ಭಾಗವತರ ದನಿಯನ್ನು ಮುಳುಗಿಸುತ್ತಾರೆ. ಮೇಲಾಗಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕಾಲಮಿತಿ ಪ್ರದರ್ಶನವೇ ಮಾಡುವುದಾದರೆ ಇಷ್ಟು ದೊಡ್ಡ ವ್ಯವಸ್ಥೆ ಬೇಡ.

ಸಾಗರದ ಮೈಕ್‌ಸೆಟ್ಟಿನವರು

ಚಂಡೆಗೆ ಮೈಕು ಬೇಡ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಮದ್ದಳೆಗೆ ಬೇಕು. ಅದರ ಸೂಕ್ಷ್ಮ ನುಡಿತ ಹಿಂದಿನ ಸಾಲಿಗೆ ತಲುಪುವುದಿಲ್ಲ. ಕಲೆಯನ್ನು ಚೆನ್ನಾಗಿ ಕೇಳಿಸಬೇಕು ಎಂದು ಊರಿನವರು ದುಡ್ಡು ಕೂಡಿಸಿದ್ದಾರೆ. ಅದು ಏಕೆ ಎಂದು ಕೇಳುವ ಅಧಿಕಾರ ನಮಗಿಲ್ಲ.

ಶಿವಮೊಗ್ಗದಿಂದ

ಕೇಳುವ ಕಿವಿ ನನಗೂ ಇದೆ. ಬಡಗುತಿಟ್ಟಿನ ಆಟವನ್ನು ಬೆಳಗಿನ ತನಕ ಕೂತು ನೋಡಿ ಬೆಳೆದವನು ನಾನು. ಅಧಿಕಾರದ ಮಾತು ಬೇಡ.

ಹೊಸನಗರದಿಂದ

ಎಲ್ಲರಿಗೂ ನಮಸ್ಕಾರ. ಆಂಪ್ಲಿಫೈಯರನ್ನು ವೇದಿಕೆಯ ಹಿಂದೆ ಇಡುವುದನ್ನು ಸಂಘದಲ್ಲಿ ಒಪ್ಪಿಸುತ್ತೇನೆ. ಆದರೆ ಕಂಡೆನ್ಸರ್ ಮೈಕಿನ ವಿಷಯ ಹಾಗೇ ಉಳಿಯಿತು. ಅದೇ ಕೇಬಲ್ಲಿಗೆ ಸಾದಾ ಡೈನಾಮಿಕ್ ಮೈಕು ಹಾಕಿದರೆ ಕೆಲಸ ಮಾಡುತ್ತದೆ, ಸ್ವಲ್ಪ ಗುಂಯ್ ಎನ್ನುತ್ತದೆ ಅಷ್ಟೇ.

ಸಾಗರದ ಮೈಕ್‌ಸೆಟ್ಟಿನವರು

ಒಂದನೇ ಪಿನ್ನಿನ ಬೆಸುಗೆ ಬಿಟ್ಟಿದೆ. ಡೈನಾಮಿಕ್ ಮೈಕಿಗೆ ಎರಡು ಮತ್ತು ಮೂರನೇ ಪಿನ್ನು ಇದ್ದರೆ ಸದ್ದು ಬಂದೇ ಬರುತ್ತದೆ, ಕವಚ ಇಲ್ಲದ್ದಕ್ಕೆ ಗುಂಯ್ ಎನ್ನುತ್ತದೆ. ಕಂಡೆನ್ಸರಿಗೆ ಮಿಕ್ಸರಿನಿಂದ 48 ವೋಲ್ಟ್ ಹೋಗುವುದು ಎರಡು, ಮೂರರಲ್ಲಿ, ಮರಳುವುದು ಒಂದರಲ್ಲಿ. ಮರಳುವ ದಾರಿ ಕಡಿದರೆ ಮೈಕು ಸಾಯುತ್ತದೆ. ಹಾಗಾಗಿ ಮೈಕ್ ಕೇಬಲ್ಲಿನಲ್ಲಿ ಕವಚವನ್ನು ಯಾವ ತುದಿಯಲ್ಲೂ ಬಿಡಿಸಬಾರದು. ರಂಗತಂಡದವರು ಹೇಳಿದ್ದು ಆಂಪ್ಲಿಫೈಯರಿನ ಲೈನಿಗೆ ಮಾತ್ರ. ಮಲ್ಟಿಮೀಟರನ್ನು ಸದ್ದಿನ ಗುರುತಿಗೆ ಇಟ್ಟು ಎರಡೂ ತುದಿಯ ಒಂದನೇ ಪಿನ್ನು ಮುಟ್ಟಿಸಿ, ಕನೆಕ್ಟರಿನ ಕುತ್ತಿಗೆಯನ್ನು ಅಲ್ಲಾಡಿಸಿ ನೋಡಿ. ಕೀಂ ಎನ್ನುವುದು ನಿಂತರೆ ಅಲ್ಲೇ ದೋಷ.

ಕೊಪ್ಪದಿಂದ

ಉತ್ತರ ಸರಿ ಇದೆ. ನುಂಗಿದೆ ಎಂಬ ಮಾತನ್ನು ಮಾತ್ರ ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ತೀರ್ಥಹಳ್ಳಿಯಿಂದ

ಹೊಸನಗರದವರೇ, 2.5ರ ಸ್ಪೀಕರ್ ವೈರು ನನ್ನ ಬಳಿ ಎರಡು ಸುರುಳಿ ಹೆಚ್ಚಿಗೆ ಇದೆ. ತಾಮ್ರದ್ದೇ. ನಂಬಿಕೆ ಬಾರದಿದ್ದರೆ ಬ್ಲೇಡಿನಿಂದ ಕೆರೆದು ನೋಡಿಯೇ ಒಯ್ಯಿರಿ. ಮೀಟರಿಗೆ 55 ರೂಪಾಯಿ, ಅದಕ್ಕಿಂತ ಕಡಿಮೆಗೆ ಕೊಡುವುದಿಲ್ಲ.