ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನ: ಲೆಕ್ಕಕ್ಕೆ 17 ಗಂಟೆ, ಟಿಕೆಟ್‌ನಲ್ಲಿ 18ಕ್ಕೂ ಮೇಲೆ, ಯಾಕೆ?

ಪ್ರಶ್ನೆ: ಸಿಂಗಪುರದ ಚಾಂಗಿ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ದೂರ ಸುಮಾರು 15,350 ಕಿ.ಮೀ. ಗಂಟೆಗೆ 900 ಹಿಡಿದರೆ 17 ಗಂಟೆ ಸಾಕಲ್ವಾ? ಮತ್ತೆ, ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿಯೋದು ಹೇಗೆ?

ಧ್ರುವತಾರೆ: 15,350 ಅನ್ನೋದು ಗೋಳದ ಮೇಲೆ ದಾರ ಎಳೆದು ಅಳೆದ ದೂರ. ಆ ದಾರ ಹೆಚ್ಚುಕಡಿಮೆ ಉತ್ತರ ಧ್ರುವದ ಮೇಲೇ ಹಾಯುತ್ತೆ. ವಿಮಾನ ಸಾಮಾನ್ಯವಾಗಿ ಹಾಗೆ ಹೋಗಲ್ಲ. ಜಪಾನ್ ಕಡೆ ತಿರುಗಿ, ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪೂರ್ವಕ್ಕೆ ಬೀಸೋ ಜೋರು ಗಾಳಿ) ಹಿಡಿಯುತ್ತೆ. ಸಾವಿರ ಕಿ.ಮೀ. ಸುತ್ತಾದರೂ ಹಿಂಗಾಳಿಯಿಂದ ಇಂಧನ ಉಳಿಯುತ್ತೆ. ಟಿಕೆಟ್‌ನ ಅವಧಿ ಗೇಟ್‌ನಿಂದ ಗೇಟ್‌ಗೆ. ರನ್‌ವೇಗೆ ಹೋಗೋದು, ಸರದಿ ಕಾಯೋದು ಎಲ್ಲಾ ಸೇರಿರುತ್ತೆ.

ಗಡಿಯಾರ: ಬೇಸಿಗೆಯಲ್ಲಿ ನ್ಯೂಯಾರ್ಕ್ 12 ಗಂಟೆ ಹಿಂದೆ, ಚಳಿಗಾಲದಲ್ಲಿ 13. ಮಧ್ಯಾಹ್ನ 12ಕ್ಕೆ ಹೊರಟು ಹದಿನೆಂಟೂವರೆ ಗಂಟೆ ಹಾರಿದರೆ ಸಿಂಗಪುರದಲ್ಲಿ ಮರುದಿನ ಬೆಳಗ್ಗೆ 6:30. ಅದರಲ್ಲಿ 12 ಕಳೆಯಿರಿ: ಅದೇ ದಿನ ಸಂಜೆ 6:30. ವಾಪಸ್ ಬರುವಾಗ ಈ ಲಾಭ ಬಡ್ಡಿ ಸಮೇತ ಹೋಗುತ್ತೆ.

ಇಂಧನಪ್ರಿಯ: ಇದಕ್ಕಂತಲೇ ಇರೋ ಏರ್‌ಬಸ್ ಎ350-900 ಯುಎಲ್‌ಆರ್ (ಅತಿ ದೂರ ಹಾರೋ ಮಾದರಿ) ವಿಮಾನದ ಟ್ಯಾಂಕ್‌ಗೆ 1,65,000 ಲೀಟರ್ ಹಿಡಿಸುತ್ತೆ. ತೂಕ ಮಿತಿಯಲ್ಲಿರಲಿ ಅಂತ ಸೀಟು ಬರೀ 161, ಸಾಮಾನ್ಯ ಎಕಾನಮಿ ಇಲ್ಲವೇ ಇಲ್ಲ. ಬುಕ್ ಮಾಡೋಕೆ ಮುಂಚೆ ದರ ನೋಡ್ಕೊಳ್ಳಿ.