ಕಡ್ಲಿಗೆ ಹೊಡದ ಟಾನಿಕ್ ಖರೇನ ಕೆಲಸ ಮಾಡೇತೋ ಇಲ್ಲೋ, ಹೆಂಗ ತಿಳಕೊಳ್ಳೂದು?

ಎರಿಹೊಲ_ಗದಗ:
ನಮಸ್ಕಾರ ರೀ ಎಲ್ಲಾರಿಗೂ. ಗದಗ ಹತ್ರ ನಮ್ಮದು ನಾಕ ಎಕರೆ ಎರಿ ಹೊಲ, ಹಿಂಗಾರಿಗೆ ಕಡ್ಲಿ ಹಾಕ್ತೀವಿ. ಹೋದ ವರ್ಷ ಅಂಗಡ್ಯಾವ ಒಂದ ಟಾನಿಕ್ ಬಾಟ್ಲಿ ಕೊಟ್ಟು ಹೂವಿಗೆ ಬಂದಾಗ ಹೊಡೀರಿ ಅಂದ, ಹಳ್ಳದ ಕಡೆ ಎರಡ ಎಕರೆಕ್ಕ ಹೊಡದ್ವಿ, ಮ್ಯಾಲಿನ ಎರಡ ಎಕರೆ ಹಂಗ ಬಿಟ್ವಿ. ರಾಶಿ ಮಾಡಿದಾಗ ಕೆಳಗ ಎಕರೆಕ್ಕ 7 ಚೀಲ, ಮ್ಯಾಲ 5. ಅಂಗಡ್ಯಾವ "ನಾ ಹೇಳಿದ್ನಿಲ್ಲೋ" ಅಂತಾನ, ನಮ್ಮಪ್ಪ "ಹಳ್ಳದ ದಂಡಿ ಯಾವಾಗ್ಲೂ ಮುಂದ, ಅದರಾಗ ನಿನ್ನ ಬಾಟ್ಲಿದು ಏನೈತಿ" ಅಂತಾನ. ಇಬ್ಬರದೂ ಖರೆ ಅನಸ್ತೈತಿ. ಈ ಸಲ ಸರಿಯಾಗಿ ಟೆಸ್ಟ್ ಮಾಡಬೇಕು, ಹೆಂಗ್ರಿ?

ಬ್ಯಾಡಗಿ_ಕಾಯಿ:
ಸದ್ಯಕ್ಕ ನಿಮ್ಮಪ್ಪಂದ ಗೆಲುವು ರೀ. ತಗ್ಗಿನಾಗ ಮಣ್ಣು ಆಳ, ಹಸಿ ಭಾಳ ದಿನ ಹಿಡೀತೈತಿ, ಹಿಂಗಾರಿ ಕಡ್ಲಿ ನಿಂತಿದ್ದ ಆ ಹಸಿ ಮ್ಯಾಲ. ಹಳ್ಳನೂ ಟಾನಿಕ್ಕೂ ಒಂದ ಕಡೆ ಇಟ್ರ ಆ ಎರಡ ಚೀಲ ಯಾರ ಲೆಕ್ಕಕ್ಕ ಹಾಕೂದು? ಇನ್ನೊಂದು, ಟಾನಿಕ್ ಹೊಡೀಲಾರದ ಕಡೆ ಬರೇ ನೀರ ಹೊಡೀರಿ, ಅದ ಪಂಪು, ಅದ ದಿನ. ಇಲ್ಲಂದ್ರ ನೀರಿಂದ ಆತೋ ಔಷಧದಿಂದ ಆತೋ ತಿಳಿಯಂಗಿಲ್ಲ. ನಂದ ಕತಿ ಕೇಳ್ರಿ, ಮೆಣಸಿನಗಿಡಕ್ಕ ಅರ್ಧ ಹೊಲ ಜೀವಾಮೃತ ಹಾಕಿ, ಪ್ರೀತಿಗೆ ಅದ ಅರ್ಧಕ್ಕ ಒಂದ ಸಲ ಹೆಚ್ಚಿಗೆ ಕಳೆ ತಗಸಿ, ಆಮ್ಯಾಲ ಊರ ತುಂಬ ಡಂಗರಾ ಹೊಡದೆ 😄

ಸಪ್ತಾಪುರ_ಮಾಸ್ತರ:
ಇದು ಹೊಲದಾಗನ ಹುಟ್ಟಿದ ಪ್ರಶ್ನೆ ನೋಡ್ರಿ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೋಥಮ್‌ಸ್ಟೆಡ್‌ನಾಗ 1843ರಿಂದ ಗೊಬ್ಬರದ ಪ್ರಯೋಗ ನಡದಿದ್ವು, 1919ರಾಗ ಅಲ್ಲಿಗೆ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದ ತಲಿನೋವಿಗೆ ಔಷಧ ಹುಡುಕಿದ: ಯಾವ ತುಂಡಿಗೆ ಏನು ಹಾಕಬೇಕು ಅಂತ ನಾವು ಆರಸಬಾರದು, ಚೀಟಿ ಎತ್ತಬೇಕು.
ನೀವು ಹಿಂಗ ಮಾಡ್ರಿ. ಹಳ್ಳದಿಂದ ಮ್ಯಾಲಿನ ಒಡ್ಡಿನತನಕ ಇಳಿಜಾರಿಗೆ ಅಡ್ಡ ಆರು ಪಟ್ಟಿ ಮಾಡ್ರಿ, ಒಂದ ಪಟ್ಟ್ಯಾಗ ಮಣ್ಣು, ಹಸಿ ಸುಮಾರು ಒಂದ ಥರ ಇರತದ. ಪ್ರತಿ ಪಟ್ಟಿ ಎರಡ ತುಂಡು, ಯಾವುದಕ್ಕ ಟಾನಿಕ್ ಅಂತ ನಾಣ್ಯ ಹಾರಸ್ರಿ, ಆರೂ ಪಟ್ಟಿಗೆ ಬ್ಯಾರೆ ಬ್ಯಾರೆ. ಗಾಳಿಗೆ ಔಷಧ ಆಚೆ ಹಾರತದ, ಅದಕ್ಕ ಅಂಚಿನ ಸಾಲು ಬಿಟ್ಟು ನಡುವಿಂದಷ್ಟ ತೂಗ್ರಿ. ಔಷಧ ನೀರಿನಷ್ಟ ನಿಷ್ಪ್ರಯೋಜಕ ಇದ್ರ, ಆರೂ ಪಟ್ಟ್ಯಾಗ ಟಾನಿಕ್ಕಿನ ತುಂಡ ಮುಂದ ಬರೂದು 64ರಾಗ ಒಂದ ಸಲ. ನಾಕ ಮುಂದ ಎರಡ ಹಿಂದ ಬಂದ್ರ ಅಂಗಡಿಯವ್ರಿಗೆ ಚಹಾ ಕುಡಸೂ ಕಾರಣ ಇಲ್ಲ.

ಹುಬ್ಬಳ್ಳಿ_ಅಕ್ಕ:
ಅದ ಫಿಶರ್ ಚಹಾದ ಲೆಕ್ಕನೂ ಬರದಾನಲ್ರೀ ಮಾಸ್ತರ, ಕಪ್ಪಿಗೆ ಹಾಲು ಮೊದಲ ಹಾಕ್ಯಾರೋ ಚಹಾ ಮೊದಲೋ ರುಚಿ ನೋಡಿ ಹೇಳ್ತೇನಿ ಅಂದಾಕಿಗೆ ಎಂಟು ಕಪ್ಪು ಕೊಟ್ಟು ನೋಡೂದು. ನಾ ಅದನ್ನ ನಮ್ಮತ್ತಿಯವ್ರ ಮ್ಯಾಲ ಮಾಡೇನಿ! ಕಟಗಿ ಒಲಿ ರೊಟ್ಟಿ, ಗ್ಯಾಸಿನ ರೊಟ್ಟಿ ಬಾಯಾಗ ಇಟ್ರ ಸಾಕು ಹೇಳ್ತೇನಿ ಅಂತಿದ್ರು. ಒಂದ ಹಿಟ್ಟು, ಒಂದ ಹಂಚು, ನಾಕ ಅದು ನಾಕ ಇದು, ಕಣ್ಣಿಗೆ ಸೆರಗ ಕಟ್ಟಿ ತುಣುಕು ಕೊಟ್ಟೆ. ಆರು ಸರಿ ಹೇಳಿದ್ರು, ಎರಡ ಅದಲ ಬದಲ. ಮನ್ಯಾಗೆಲ್ಲ ಚಪ್ಪಾಳಿ, ಆದ್ರ ಸುಮ್ಮನ ಊಹೆ ಮಾಡಿದ್ರ ಎಂಟೂ ಸರಿ ಬರೂದು 70ರಾಗ ಒಂದು, ಆರು ಇಲ್ಲಾ ಹೆಚ್ಚಿಗೆ ಸರಿ ಬರೂದು 70ರಾಗ 17, ಅಂದ್ರ ಊಹೆ ಮಾಡಿದ್ರೂ ಬರತೈತಿ. ಇದನ್ನ ಅತ್ತಿಯವ್ರಿಗೆ ಹೇಳಲಿಲ್ಲ ಬಿಡ್ರಿ.
ತೂಗಾವ್ರಿಗೆ ಯಾವ ಚೀಲ ಯಾವ ತುಂಡಿಂದು ಅಂತ ಹೇಳಬ್ಯಾಡ್ರಿ, ಬರೇ ನಂಬರ್ ಹಾಕ್ರಿ.

ಎರಿಹೊಲ_ಗದಗ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ನಾಕೂ ಎಕರೆ ಆಗೂದಿಲ್ಲ, ಎರಡೆರಡ ಗುಂಟೆದ 12 ತುಂಡು ಮಾಡ್ತೇನಿ, ನಸುಕಿನ್ಯಾಗ ಇಬ್ಬನಿ ಇದ್ದಾಗನ ಕಡ್ಲಿ ಕೀಳ್ತೀವಿ, ಬ್ಯಾರೆ ಬ್ಯಾರೆ ಗುಂಪಿ ಹಾಕಾಕ ಆಗತೈತಿ. ನಾಣ್ಯ ನಾನ ಹಾರಸ್ತೇನಿ ಅಂತ ಅಪ್ಪ ಕುಂತಾನ. ಅಂಗಡ್ಯಾವಗ ಕೇಳಿದ್ರ, ಅಷ್ಟ ಸಣ್ಣ ತುಂಡಿನ್ಯಾಗ ನಮ್ಮ ಔಷಧ ಕೆಲಸ ಮಾಡೂದಿಲ್ಲ ಅಂತ ಈಗ ಶುರು ಮಾಡ್ಯಾನ್ರೀ.